ಬಿ.ಎಡ್. ಓದಿನ ಮಗ್ಗುಲಲ್ಲಿ ಎಲೆಕ್ಟ್ರಾನಿಕ್ಸ್

ಎಲೆಕ್ಟ್ರಾನಿಕ್ಸ್ ಓದಿದವರು ಶಾಲಾ ಶಿಕ್ಷಕರಾಗಲು ಹೊರಡುವುದು ನಮ್ಮಲ್ಲಿ ಅಷ್ಟಾಗಿ ಕಾಣುವ ಸಂಗತಿಯಲ್ಲ. ಪಿಯುಸಿಯಲ್ಲಿ ಪಿಸಿಎಂಇ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್, ತೆಗೆದುಕೊಂಡವರ ಮುಖ ಸಾಮಾನ್ಯವಾಗಿ ಎಂಜಿನಿಯರಿಂಗ್ ಕಡೆಗಿರುತ್ತದೆ. ಪದವಿಯಲ್ಲಿ ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್ ಎಂಬ ಮೂರು ವಿಷಯಗಳ ಜೋಡಣೆ, ಅಂದರೆ ಪಿಎಂಇ, ಓದಿದವರು ಎಂಸಿಎಗೋ ಯಾವುದಾದರೂ ಸಾಫ್ಟ್‌ವೇರ್ ಕಂಪನಿಗೋ ಸೇರಿಕೊಳ್ಳುತ್ತಾರೆ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ, 1948), ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್, 1954) ಮೊದಲಾದ ಕಾರ್ಖಾನೆಗಳ ನೆರಳಿನಲ್ಲಿ ಬೆಳೆದ ರಾಜ್ಯದಲ್ಲಿ ಈ ವಿಷಯಕ್ಕೂ ನೌಕರಿಗೂ ಗಂಟುಬಿದ್ದಿರುವುದು ಸಹಜವೇ. ಆದ್ದರಿಂದ ನಾನು ಬಿ.ಎಸ್ಸಿ. ಮತ್ತು ಬಿ.ಎಡ್. ಎರಡನ್ನೂ ಒಟ್ಟಿಗೆ ಮುಗಿಸುವ ನಾಲ್ಕು ವರ್ಷಗಳ ಸಂಯೋಜಿತ ಪದವಿಗೆ ಸೇರಿ, ಅದರಲ್ಲಿ ರಸಾಯನಶಾಸ್ತ್ರದ ಬದಲು ಎಲೆಕ್ಟ್ರಾನಿಕ್ಸನ್ನು ಆರಿಸಿಕೊಂಡಾಗ, ಮನೆಯವರಿಗಿಂತ ಹೆಚ್ಚಾಗಿ ಕಾಲೇಜಿನವರೇ ಹುಬ್ಬೇರಿಸಿದ್ದರು. ಪ್ರೌಢಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಎಂಬ ವಿಷಯವೇ ಇಲ್ಲ, ಇದನ್ನು ಓದಿ ನೀನು ಯಾರಿಗೆ ಪಾಠ ಮಾಡುತ್ತೀಯ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದೇ. ಕಿರಿಯ ತಾಂತ್ರಿಕ ಶಾಲೆಗಳ ಮಕ್ಕಳಿಗೆ ಎಸ್‌ಎಸ್‌ಎಲ್‌ಸಿಯಲ್ಲಿ ಎಂಜಿನಿಯರಿಂಗ್ ಮೂಲಾಂಶಗಳ ಪತ್ರಿಕೆಗಳಿರುವುದನ್ನು ಬಿಟ್ಟರೆ, ಸಾಮಾನ್ಯ ಪ್ರೌಢಶಾಲೆಯ ವಿಜ್ಞಾನ ಪಠ್ಯದಲ್ಲಿ ಟ್ರಾನ್ಸಿಸ್ಟರ್ ಇಲ್ಲ. ಪಿಯುಸಿಯಲ್ಲಿ ಎಲೆಕ್ಟ್ರಾನಿಕ್ಸ್ ಸ್ವತಂತ್ರ ವಿಷಯವಾಗಿದೆ, ಅದಕ್ಕೆ 40 ಎಂಬ ಸಂಕೇತ ಸಂಖ್ಯೆಯೂ ಇದೆ. ಆದರೆ ಅದನ್ನು ಬೋಧಿಸುವ ಕಾಲೇಜುಗಳು ಎಲ್ಲ ಊರುಗಳಲ್ಲಿಲ್ಲ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯ (ಎನ್‌ಸಿಇಆರ್‌ಟಿ) ಹನ್ನೆರಡನೆಯ ತರಗತಿಯ ಭೌತಶಾಸ್ತ್ರ ಪುಸ್ತಕದ ಅರೆವಾಹಕಗಳ ಅಧ್ಯಾಯ ಕೂಡ ಈಚಿನ ಪರಿಷ್ಕರಣೆಯ ನಂತರ ಡಯೋಡು ಮತ್ತು ರೆಕ್ಟಿಫೈಯರುಗಳಿಗೇ ಬಂದು ನಿಂತುಬಿಟ್ಟಿದೆ. ಬಿ.ಎಡ್.ನಲ್ಲಂತೂ ಎಲೆಕ್ಟ್ರಾನಿಕ್ಸ್ ಬೋಧನೆ ಎಂಬ ಮೆಥಡ್ ಪತ್ರಿಕೆ ನಮಗಿರಲಿಲ್ಲ. ಭೌತವಿಜ್ಞಾನ ಮತ್ತು ಗಣಿತ ಇವೆರಡೇ ನನ್ನ ಬೋಧನಾ ವಿಷಯಗಳಾದವು. ಹೀಗೆ ವಾರದಲ್ಲಿ ಅತಿ ಹೆಚ್ಚು ಪ್ರಯೋಗಾಲಯದ ಅವಧಿಯನ್ನು ತೆಗೆದುಕೊಳ್ಳುತ್ತಿದ್ದ ವಿಷಯಕ್ಕೂ ನನ್ನನ್ನು ಶಿಕ್ಷಕನನ್ನಾಗಿ ಮಾಡಲಿದ್ದ ಪತ್ರಿಕೆಗಳಿಗೂ ನಡುವೆ ಕಾಗದದ ಮೇಲೆ ಯಾವ ನಂಟೂ ಇರಲಿಲ್ಲ. ಆ ನಂಟು ಎಲ್ಲಿದೆ ಎಂಬುದನ್ನು ಬರೆಯುವುದಷ್ಟೇ ಈ ಬರಹದ ಉದ್ದೇಶ.

ತಾಂತ್ರಿಕ ವಿಷಯವನ್ನೂ ಶಿಕ್ಷಕ ತರಬೇತಿಯನ್ನೂ ಒಂದೇ ಪದವಿಯಲ್ಲಿ ಹೆಣೆಯುವ ಯೋಚನೆ ಹೊಸದಲ್ಲ, ಅದರ ಒಂದು ಬೇರು ಮೈಸೂರಿನಲ್ಲೂ ಇದೆ. 1952–53ರ ಮುದಲಿಯಾರ್ ಆಯೋಗವು ಪ್ರೌಢಶಿಕ್ಷಣದಲ್ಲಿ ತಾಂತ್ರಿಕ, ಕೃಷಿ, ವಾಣಿಜ್ಯ ಮುಂತಾದ ಧಾರೆಗಳಿರುವ ಬಹೂದ್ದೇಶ ಶಾಲೆಗಳನ್ನು ತೆರೆಯಬೇಕೆಂದು ಶಿಫಾರಸು ಮಾಡಿತು. ಅಂಥ ಶಾಲೆಗಳಿಗೆ ಶಿಕ್ಷಕರು ಬೇಕಲ್ಲ? 1961ರಲ್ಲಿ ಹುಟ್ಟಿದ ಎನ್‌ಸಿಇಆರ್‌ಟಿಯು ಅದಕ್ಕಾಗಿ 1963ರಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರ ಮತ್ತು ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳನ್ನು ಆರಂಭಿಸಿತು. ವಿಷಯಜ್ಞಾನ ಮತ್ತು ಬೋಧನಾ ತರಬೇತಿಗಳನ್ನು ನಾಲ್ಕು ವರ್ಷಗಳ ಒಂದೇ ಪದವಿಯಲ್ಲಿ ಕೊಡುವ ಪದ್ಧತಿ ಅಲ್ಲಿ ರೂಢಿಗೆ ಬಂತು. ಬಹೂದ್ದೇಶ ಶಾಲೆಗಳ ಯೋಜನೆ ಬಹುಕಾಲ ಬಾಳಲಿಲ್ಲ. ಆದರೆ ಈಗ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೆಂದು ಹೆಸರಾದ ಮೈಸೂರಿನ ಮಾನಸಗಂಗೋತ್ರಿಯ ಆ ಕಾಲೇಜಿನ ಜೊತೆಗಿರುವ ಪ್ರಾತ್ಯಕ್ಷಿಕೆ ಶಾಲೆಯ ಹೆಸರಿನಲ್ಲಿ ಬಹೂದ್ದೇಶ ಎಂಬ ಮಾತು ಇಂದಿಗೂ ಉಳಿದುಕೊಂಡಿದೆ, ಸಂಯೋಜಿತ ಪದವಿಯೂ ಉಳಿದುಕೊಂಡಿದೆ. 2023–24ರಲ್ಲಿ ದೇಶದ 57 ಸಂಸ್ಥೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಐಟೆಪ್ ಎಂಬ ನಾಲ್ಕು ವರ್ಷಗಳ ಸಂಯೋಜಿತ ಶಿಕ್ಷಕ ಶಿಕ್ಷಣ ಕಾರ್ಯಕ್ರಮವನ್ನು ಹೊಸದೆಂಬಂತೆ ಹೇಳುವವರು ಈ ಹಳೆಯ ಕಥೆಯನ್ನು ಮರೆಯುತ್ತಾರೆ.

ಇನ್ನು ಓದಿನ ದಿನಚರಿಯ ಮಾತು. ಬೆಳಿಗ್ಗೆ ಶಿಕ್ಷಣದ ಮನೋವೈಜ್ಞಾನಿಕ ತಳಹದಿ, ನಂತರ ಕಲನಶಾಸ್ತ್ರ, ಮಧ್ಯಾಹ್ನ ಪ್ರಯೋಗಾಲಯ, ರಾತ್ರಿ ಪಾಠಯೋಜನೆ. ಎರಡು ಬಗೆಯ ರೆಕಾರ್ಡುಗಳನ್ನು ಬರೆಯಬೇಕಾಗಿತ್ತು. ಒಂದರಲ್ಲಿ ಗ್ರಾಫ್ ಹಾಳೆ, ಆವೃತ್ತಿ–ವರ್ಧನೆಯ ರೇಖೆ, ಗರಿಷ್ಠ ವರ್ಧನೆಯ 0.707ರ ಎತ್ತರದಲ್ಲಿ ಅಡ್ಡಗೆರೆ. ಇನ್ನೊಂದರಲ್ಲಿ ಬಣ್ಣದ ಸ್ಕೆಚ್ ಪೆನ್ನಿನ ಅಂಚು, ನಿರ್ದಿಷ್ಟ ಉದ್ದೇಶಗಳು, ಕಲಿಕಾನುಭವಗಳು, ಮೌಲ್ಯಮಾಪನದ ಪ್ರಶ್ನೆಗಳು. ಎಲೆಕ್ಟ್ರಾನಿಕ್ಸ್ ವಿಭಾಗದವರಿಗೆ ಬಿ.ಎಡ್. ಪತ್ರಿಕೆಗಳೆಂದರೆ ಉದ್ದುದ್ದ ಬರೆದು ಪುಟ ತುಂಬಿಸುವ ಕೆಲಸ. ಶಿಕ್ಷಣ ವಿಭಾಗದವರಿಗೆ ಎಲೆಕ್ಟ್ರಾನಿಕ್ಸ್ ಎಂದರೆ ಬೋಧನೋಪಕರಣ ಸ್ಪರ್ಧೆಯಲ್ಲಿ ಥರ್ಮೋಕೋಲ್ ಹೃದಯದೊಳಗೆ ಮಿಣುಕುವ ಕೆಂಪು ದೀಪ. ಆ ದೀಪಕ್ಕೆ ಅದನ್ನು ಮಿಣುಕಿಸುವ 555 ಐಸಿ ಹಾಕಿ ಕೊಡುವಂತೆ ಜೀವಶಾಸ್ತ್ರದ ಗೆಳೆಯರು ದುಂಬಾಲು ಬೀಳುತ್ತಿದ್ದರು, ಬಹುಮಾನವೂ ಅವರಿಗೇ ಬರುತ್ತಿತ್ತು. ಹೃದಯದ ಕವಾಟಗಳ ಬಗ್ಗೆ ಆ ದೀಪದಿಂದ ಯಾವ ಮಗು ಏನು ಕಲಿತಿತೆಂದು ತೀರ್ಪುಗಾರರು ಕೇಳಿದ್ದನ್ನು ನಾನಂತೂ ಕಾಣೆ.

ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ ನಿಜವಾಗಿ ಕಲಿಯುವುದು ಪ್ರಯೋಗ ಕೈಕೊಟ್ಟ ದಿನ. ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಆರ್‌ಸಿ ಕಪಲ್ಡ್ ಆಂಪ್ಲಿಫೈಯರನ್ನೇ ತೆಗೆದುಕೊಳ್ಳಿ, ಪದವಿಯಲ್ಲಿ ಇದನ್ನು ಕಟ್ಟದವರಿಲ್ಲ. ಬ್ರೆಡ್‌ಬೋರ್ಡಿನ ಮೇಲೆ ಒಂದು ಬಿಸಿ 547 ಅಥವಾ ಎಸ್‌ಎಲ್ 100 ಟ್ರಾನ್ಸಿಸ್ಟರ್, ಅದರ ಮೂರು ಕಾಲುಗಳಲ್ಲಿ ಬೇಸ್‌ಗೆ 47 ಕಿಲೋಓಮ್ ಮತ್ತು 10 ಕಿಲೋಓಮ್‌ಗಳ ವಿಭಾಜಕ, ಕಲೆಕ್ಟರ್‌ನಲ್ಲಿ 3.3 ಕಿಲೋಓಮ್, ಎಮಿಟರ್‌ನಲ್ಲಿ 1 ಕಿಲೋಓಮ್, 12 ವೋಲ್ಟ್ ಸರಬರಾಜು. ಎಲ್ಲವನ್ನೂ ಚಿತ್ರದಲ್ಲಿದ್ದಂತೆ ಜೋಡಿಸಿದರೂ ಅಲೆಯ ಆಕಾರ ತೋರಿಸಬೇಕಾದ ಸಿಆರ್‌ಓ ಪರದೆಯ ಮೇಲೆ ಬರೀ ಒಂದು ಗೆರೆ. ಇಂಥ ಹೊತ್ತಿನಲ್ಲಿ ಹೊಸಬರು ಮಾಡುವ ಕೆಲಸವೆಂದರೆ ಎಲ್ಲ ತಂತಿಗಳನ್ನೂ ಕಿತ್ತು ಮತ್ತೆ ಜೋಡಿಸುವುದು. ನಮ್ಮ ಪ್ರಯೋಗಾಲಯದ ಮೇಷ್ಟ್ರು ಅದಕ್ಕೆ ಬಿಡುತ್ತಿರಲಿಲ್ಲ. ಮೊದಲು ಸಿಗ್ನಲನ್ನು ತೆಗೆದಿಡಿ, ಬರೀ ಡಿಸಿ ವೋಲ್ಟೇಜುಗಳನ್ನು ಅಳೆಯಿರಿ ಎನ್ನುತ್ತಿದ್ದರು. ಬೇಸ್‌ನಲ್ಲಿ ಸುಮಾರು 2 ವೋಲ್ಟ್ ಇರಬೇಕು, ಎಮಿಟರ್‌ನಲ್ಲಿ ಅದಕ್ಕಿಂತ 0.6ರಿಂದ 0.7 ಕಡಿಮೆ ಇರಬೇಕು, ಕಲೆಕ್ಟರ್‌ನಲ್ಲಿ 7ರ ಆಸುಪಾಸು ಬರಬೇಕು. ಕಲೆಕ್ಟರ್‌ನಲ್ಲಿ ಪೂರ್ತಿ 12 ಕಂಡರೆ ಟ್ರಾನ್ಸಿಸ್ಟರ್ ವಾಹಕ ಸ್ಥಿತಿಯಲ್ಲಿಲ್ಲ. ಬೇಸ್ ಸರಿಯಿದ್ದು ಎಮಿಟರ್ ಸೊನ್ನೆಯಾಗಿದ್ದರೆ ಟ್ರಾನ್ಸಿಸ್ಟರಿನ ಕಾಲುಗಳನ್ನು ನೋಡಬೇಕು. ಮೂರೂ ಸರಿಯಿದ್ದು ವರ್ಧನೆ ಮಾತ್ರ ಎರಡು ಮೂರು ಪಟ್ಟಿಗಿಂತ ಮೇಲೇಳದಿದ್ದರೆ ಎಮಿಟರ್ ಬೈಪಾಸ್ ಕೆಪಾಸಿಟರ್ ಎಲ್ಲೋ ಬಿಟ್ಟುಹೋಗಿದೆ. ಒಂದೊಂದು ಅಳತೆಯೂ ದೋಷವಿರಬಹುದಾದ ಜಾಗಗಳಲ್ಲಿ ಒಂದಿಷ್ಟನ್ನು ತಳ್ಳಿಹಾಕುತ್ತದೆ. ಊಹೆಗೆ ಜಾಗವಿದೆ, ಆದರೆ ಊಹಿಸಿದ ಮೇಲೆ ಅಳೆಯಬೇಕು, ಮತ್ತು ಅಳೆಯುವ ಮೊದಲೇ ಎಷ್ಟು ಬರಬೇಕೆಂದು ಬಾಯಿಬಿಟ್ಟು ಹೇಳಬೇಕು. ಮೇಷ್ಟ್ರು ಈ ಕೊನೆಯ ಷರತ್ತನ್ನು ಸಡಿಲಿಸಿದ್ದನ್ನು ನಾನು ನೋಡಿಲ್ಲ.

ಅದೇ ಸೆಮಿಸ್ಟರಿನಲ್ಲಿ ನಮಗೆ ಸೂಕ್ಷ್ಮ ಬೋಧನೆಯೂ ನಡೆಯುತ್ತಿತ್ತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ಕ್ರಮ ನಮ್ಮ ಬಿ.ಎಡ್. ಕಾಲೇಜುಗಳಲ್ಲಿ 36 ನಿಮಿಷಗಳ ಚಕ್ರವಾಗಿ ನೆಲೆನಿಂತಿದೆ: ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ. ಪ್ರಶ್ನಿಸುವ ಕೌಶಲ, ವಿವರಿಸುವ ಕೌಶಲ, ಕಪ್ಪುಹಲಗೆ ಬಳಸುವ ಕೌಶಲ ಎಂದು ಬಿಡಿಬಿಡಿಯಾಗಿ ತೆಗೆದು ಅಭ್ಯಾಸ ಮಾಡಿಸುತ್ತಾರೆ. ಇದನ್ನು ಗೇಲಿ ಮಾಡುವುದು ಸುಲಭ, ಸಹಪಾಠಿಗಳೇ ಎಂಟನೆಯ ತರಗತಿಯ ಮಕ್ಕಳಂತೆ ನಟಿಸುತ್ತ ಕುಳಿತಿರುವಾಗ ನಗು ತಡೆಯುವುದೇ ಕಷ್ಟ. ಆದರೆ ಅದರ ನಿಜವಾದ ಕೊರತೆ ನಟನೆಯಲ್ಲ. ಅಲ್ಲಿ ಅಳೆಯುವುದು ಶಿಕ್ಷಕನನ್ನು: ಎಷ್ಟು ಪ್ರಶ್ನೆ ಕೇಳಿದ, ಎಷ್ಟು ಬಾರಿ ಬಲವರ್ಧನೆ ಕೊಟ್ಟ, ಹಲಗೆಯ ಮೇಲಿನ ಅಕ್ಷರ ಹಿಂದಿನ ಬೆಂಚಿಗೆ ಕಾಣುತ್ತಿತ್ತೇ ಎಂದು. ಕೇಳುವ ಮಗುವಿನ ತಲೆಯಲ್ಲಿ ಏನು ನಡೆಯಿತು ಎಂಬುದಕ್ಕೆ ಆ ವೀಕ್ಷಣಾ ಪಟ್ಟಿಯಲ್ಲಿ ಕಾಲಮ್ಮೇ ಇಲ್ಲ.

ಮಗುವಿನ ತಲೆಯೊಳಗಿನ ಸಂಗತಿ ಬೇರೊಂದು ಪತ್ರಿಕೆಯಲ್ಲಿ ಬಂತು, ಅದೂ ನನ್ನ ಅದೃಷ್ಟಕ್ಕೆ ವಿದ್ಯುತ್ತಿನ ಉದಾಹರಣೆಯ ಮೂಲಕವೇ ಬಂತು. 1980ರ ದಶಕದಲ್ಲಿ ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದ ರೋಜರ್ ಆಸ್ಬೋರ್ನ್ ಮತ್ತು ಅವರ ಸಂಗಡಿಗರು ಒಂದು ಬ್ಯಾಟರಿ, ಒಂದು ಬಲ್ಬು, ಎರಡು ತಂತಿಗಳನ್ನು ಮುಂದಿಟ್ಟು ಮಕ್ಕಳ ವಿಚಾರವನ್ನು ಕೆದಕಿದ್ದರು. ಕೆಲವು ಮಕ್ಕಳ ಪ್ರಕಾರ ಒಂದು ತಂತಿಯಲ್ಲಷ್ಟೇ ಪ್ರವಾಹ ಬರುತ್ತದೆ, ಇನ್ನೊಂದು ತಂತಿ ಸುಮ್ಮನೆ ಇರುತ್ತದೆ. ಕೆಲವರ ಪ್ರಕಾರ ಬ್ಯಾಟರಿಯ ಎರಡೂ ತುದಿಗಳಿಂದ ಪ್ರವಾಹ ಹೊರಟು ಬಲ್ಬಿನಲ್ಲಿ ಡಿಕ್ಕಿ ಹೊಡೆದು ಬೆಳಕಾಗುತ್ತದೆ. ಬಹಳಷ್ಟು ಮಂದಿ ಪ್ರವಾಹ ಒಂದೇ ದಿಕ್ಕಿಗೆ ಹರಿದರೂ ಬಲ್ಬು ಅದರಲ್ಲಿ ಒಂದಿಷ್ಟನ್ನು ಬಳಸಿಕೊಂಡು ಉಳಿದದ್ದನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ ಎಂದುಕೊಳ್ಳುತ್ತಾರೆ. ಪಠ್ಯಪುಸ್ತಕ ಹೇಳುವ ನಾಲ್ಕನೆಯ ಚಿತ್ರ, ಅಂದರೆ ಹೋದಷ್ಟೇ ಪ್ರವಾಹ ಹಿಂದಿರುಗುತ್ತದೆ ಎಂಬುದು, ತಾನಾಗಿ ಹೊಳೆಯುವ ಚಿತ್ರವಲ್ಲ. ಇದು ಚಿಕ್ಕ ಮಕ್ಕಳ ಪಾಡು ಮಾತ್ರ ಎಂದು ಸಮಾಧಾನಪಡುವಂತಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಿಲಿಯನ್ ಮೆಕ್‌ಡರ್ಮಟ್ ಮತ್ತು ಪೀಟರ್ ಶಾಫರ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಟಿ ಬಲ್ಬು, ಸರಣಿಯಲ್ಲಿ ಎರಡು, ಸಮಾಂತರದಲ್ಲಿ ಎರಡು, ಹೀಗೆ ಐದು ಬಲ್ಬುಗಳ ಬೆಳಕನ್ನು ಹೋಲಿಸಿ ಹೇಳಿ ಎಂದಾಗ ಪದವಿ ಹಂತದ ವಿದ್ಯಾರ್ಥಿಗಳಲ್ಲಿ ಸರಿಯಾಗಿ ಹೇಳಿದವರು ಶೇಕಡಾ 15ರಷ್ಟು ಮಾತ್ರ.

ಇದನ್ನು ಓದಿದ ವಾರವೇ ನಾನು ನಮ್ಮ ಪಿಎಂಇ ಗೆಳೆಯರ ಮೇಲೆ ಒಂದು ಪ್ರಶ್ನೆ ಪ್ರಯೋಗಿಸಿದೆ. ಎಲ್‌ಇಡಿಗೆ ಸರಣಿಯಲ್ಲಿ ಹಾಕುವ ರೋಧಕವನ್ನು ಬ್ಯಾಟರಿಯ ಧನ ತುದಿಯ ಕಡೆಗೆ ಹಾಕಬೇಕೋ, ಎಲ್‌ಇಡಿ ದಾಟಿದ ಮೇಲೆ ಋಣ ತುದಿಯ ಕಡೆಗೆ ಹಾಕಿದರೂ ನಡೆಯುತ್ತದೋ? ಆಪ್–ಆಂಪ್ ಇಂಟಿಗ್ರೇಟರ್ ಕಟ್ಟಿ, ಅದರ ಸಮೀಕರಣವನ್ನು ಸಾಧಿಸಿ ತೋರಿಸಬಲ್ಲ ಹುಡುಗರು, ಧನ ತುದಿಯ ಕಡೆಗೇ ಹಾಕಬೇಕು, ಇಲ್ಲದಿದ್ದರೆ ಪೂರ್ತಿ ಪ್ರವಾಹ ಮೊದಲು ಎಲ್‌ಇಡಿಗೆ ನುಗ್ಗಿ ಅದು ಸುಟ್ಟುಹೋಗುತ್ತದೆ ಎಂದು ವಾದಿಸಿದರು. 9 ವೋಲ್ಟ್ ಬ್ಯಾಟರಿ, ಕೆಂಪು ಎಲ್‌ಇಡಿಯ ಮೇಲೆ ಸುಮಾರು 2 ವೋಲ್ಟ್, ಉಳಿದ 7 ವೋಲ್ಟನ್ನು 470 ಓಮ್‌ನಿಂದ ಭಾಗಿಸಿದರೆ 15 ಮಿಲಿಆಂಪಿಯರ್. ರೋಧಕ ಯಾವ ಕಡೆಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಲೆಕ್ಕ ಅವರಿಗೂ ಗೊತ್ತಿತ್ತು. ಆದರೆ ಮನಸ್ಸಿನಲ್ಲಿದ್ದ ಪ್ರವಾಹ, ಮುಂದೇನಿದೆಯೆಂದು ತಿಳಿಯದೆ ದಾರಿಯುದ್ದಕ್ಕೂ ಒಂದೊಂದನ್ನೇ ಎದುರಿಸುತ್ತ ಸಾಗುವ ಪ್ರವಾಹ. ಬಿ.ಎಡ್. ಪುಸ್ತಕದಲ್ಲಿ ಇದನ್ನು ಅನುಕ್ರಮ ತರ್ಕವೆಂದು ಕರೆದಿದ್ದರು. ಎಲೆಕ್ಟ್ರಾನಿಕ್ಸ್ ಪುಸ್ತಕದಲ್ಲಿ ಇದಕ್ಕೆ ಹೆಸರೇ ಇಲ್ಲ, ಯಾಕೆಂದರೆ ಎಲೆಕ್ಟ್ರಾನಿಕ್ಸ್ ಪುಸ್ತಕ ಬರೆಯುವವರು ತಪ್ಪು ವಿಚಾರಗಳ ಪಟ್ಟಿ ಇಟ್ಟುಕೊಳ್ಳುವುದಿಲ್ಲ.

ವಿಷಯ ಗೊತ್ತಿರುವುದು ಬೇರೆ, ಬೋಧನಾ ವಿಧಾನ ಗೊತ್ತಿರುವುದು ಬೇರೆ, ಈ ನಿರ್ದಿಷ್ಟ ವಿಷಯ ಕಲಿಯುವವರ ಮನಸ್ಸಿನಲ್ಲಿ ಎಲ್ಲಿ ಯಾಕೆ ಎಡವುತ್ತದೆ ಎಂಬ ಮೂರನೆಯ ಬಗೆಯ ತಿಳಿವಳಿಕೆಯೇ ಬೇರೆ ಎಂದು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಹೇಳಿದ್ದರು. ನಮ್ಮ ಪರೀಕ್ಷೆಗಳಲ್ಲಿ ಅದು ಐದು ಅಂಕಗಳ ಟಿಪ್ಪಣಿ. ಆದರೆ ಎರಡೂ ವಿಷಯಗಳನ್ನು ಒಂದೇ ವರ್ಷ ಓದುತ್ತಿದ್ದ ನನಗೆ ಅದು ಟಿಪ್ಪಣಿಯಾಗಿ ಉಳಿಯಲಿಲ್ಲ, ಶಾಲಾ ಇಂಟರ್ನ್‌ಶಿಪ್ಪಿನ ಹೊತ್ತಿಗೆ ಅದೇ ನನ್ನ ಕೆಲಸದ ಕ್ರಮವಾಯಿತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ (ಎನ್‌ಸಿಟಿಇ) 2014ರ ನಿಯಮಗಳ ನಂತರ ಬಿ.ಎಡ್.ಗೆ ಒಟ್ಟು 20 ವಾರಗಳ ಶಾಲಾನುಭವ ಕಡ್ಡಾಯವಾಗಿದೆ. ಹಿಂದಿನ ಕಾಲದ ಕೆಲವೇ ವಾರಗಳ ಅಭ್ಯಾಸ ಪಾಠಗಳಿಗೆ ಹೋಲಿಸಿದರೆ ಇದು ದೊಡ್ಡ ಅವಕಾಶ. ಪ್ರಶಿಕ್ಷಣಾರ್ಥಿಗಳನ್ನು ಖಾಲಿ ಪೀರಿಯಡ್ ತುಂಬಿಸಲು ಬಳಸಿಕೊಳ್ಳುವ ಶಾಲೆಗಳು ಇದ್ದೇ ಇವೆ, ಆ ಮಾತು ಬೇಡ.

ನನಗೆ ಸಿಕ್ಕಿದ್ದು ಹತ್ತನೆಯ ತರಗತಿಯ ವಿದ್ಯುಚ್ಛಕ್ತಿ ಅಧ್ಯಾಯ. ಓಮ್‌ನ ನಿಯಮ, ಸರಣಿ ಮತ್ತು ಸಮಾಂತರ ಜೋಡಣೆ, ವಿದ್ಯುತ್ ಪ್ರವಾಹದ ಉಷ್ಣೋತ್ಪನ್ನ ಪರಿಣಾಮ. ಮಕ್ಕಳಿಗೆ ಸೂತ್ರಗಳು ಬಾಯಿಪಾಠವಾಗಿದ್ದವು. ಬಲ್ಬಿಗೆ ಹೋಗುವ ಮೊದಲು ಎಷ್ಟು ಪ್ರವಾಹ, ದಾಟಿದ ಮೇಲೆ ಎಷ್ಟು ಎಂದು ಕೇಳಿದರೆ, ದಾಟಿದ ಮೇಲೆ ಕಡಿಮೆ ಸರ್, ಬಲ್ಬು ಉರಿಯೋಕೆ ಬೇಕಲ್ಲ ಎಂದು ಅರ್ಧಕ್ಕರ್ಧ ತರಗತಿ ಹೇಳಿತು. ರಚನಾವಾದದ ಪಾಠಯೋಜನೆಯ ಪ್ರಕಾರ ಇಲ್ಲಿ ಮಕ್ಕಳಿಂದ ಚಟುವಟಿಕೆ ಮಾಡಿಸಬೇಕು, ಅವರೇ ಅನ್ವೇಷಿಸಬೇಕು. ಸರಿ, ಯಾವ ಚಟುವಟಿಕೆ? ಶಾಲೆಯ ಅಲ್ಮೆರಾದಲ್ಲಿದ್ದ ಅಮ್ಮೀಟರು 0ಯಿಂದ 3 ಆಂಪಿಯರಿನದು. ಟಾರ್ಚ್ ಬಲ್ಬಿನ ಪ್ರವಾಹಕ್ಕೆ ಅದರ ಮುಳ್ಳು ಅಲುಗಿದಂತೆ ಮಾಡಿ ಸುಮ್ಮನಾಗುತ್ತದೆ, ಎರಡೂ ಕಡೆ ಅಳೆದರೂ ಏನೂ ಗೊತ್ತಾಗುವುದಿಲ್ಲ. ಎರಡು ಟಾರ್ಚ್ ಬಲ್ಬುಗಳನ್ನು ಸರಣಿಯಲ್ಲಿ ಹಾಕಿ ಬೆಳಕು ಸಮವಿದೆಯೆಂದು ತೋರಿಸೋಣವೆಂದರೆ, ಅಂಗಡಿಯಲ್ಲಿ ಒಂದೇ ಡಬ್ಬಿಯಿಂದ ಕೊಟ್ಟ ಎರಡು ಬಲ್ಬುಗಳೂ ಒಂದೇ ಥರ ಇರುವುದಿಲ್ಲ. ಒಂದು ಮಂಕಾಗಿ ಉರಿದರೆ ಮುಗಿಯಿತು, ನೋಡಿ ಸರ್ ಎರಡನೆಯದಕ್ಕೆ ಕರೆಂಟ್ ಸಾಲಲಿಲ್ಲ ಎನ್ನುತ್ತಾರೆ, ಮತ್ತು ಅವರು ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯುವಂತಿಲ್ಲ. ಸಮಾಂತರ ಜೋಡಣೆಯ ಕಥೆ ಇನ್ನೂ ಕೆಟ್ಟದ್ದು. ಹಳೆಯ ಸೆಲ್ಲಿಗೆ ಎರಡನೆಯ ಬಲ್ಬನ್ನು ಸಮಾಂತರವಾಗಿ ಸೇರಿಸಿದೊಡನೆ ಸೆಲ್ಲಿನ ಆಂತರಿಕ ರೋಧದಿಂದಾಗಿ ತುದಿಗಳ ವಿಭವಾಂತರ ಕುಸಿದು ಮೊದಲ ಬಲ್ಬು ಮಂಕಾಗುತ್ತದೆ. ಬ್ಯಾಟರಿ ಕೊಡುವ ಪ್ರವಾಹ ನಿಗದಿತ, ಅದನ್ನೇ ಎರಡು ಬಲ್ಬುಗಳು ಹಂಚಿಕೊಳ್ಳುತ್ತವೆ ಎಂಬ ತಪ್ಪು ವಿಚಾರಕ್ಕೆ ಪ್ರಯೋಗವೇ ಸಾಕ್ಷಿ ಹೇಳಿಬಿಡುತ್ತದೆ.

ಚಟುವಟಿಕೆಯಿಂದ ಕಲಿಕೆ ಎಂಬ ಮಾತನ್ನು ಬಿ.ಎಡ್. ಕಾಲೇಜಿನಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ ಲೆಕ್ಕವಿಲ್ಲ. ಚಟುವಟಿಕೆ ತಪ್ಪನ್ನೂ ಅಷ್ಟೇ ಚೆನ್ನಾಗಿ ಕಲಿಸಬಲ್ಲದು ಎಂದು ಅಲ್ಲಿ ಯಾರೂ ಹೇಳಿರಲಿಲ್ಲ. ಅದನ್ನು ತಿಳಿಯಲು ಆಂತರಿಕ ರೋಧವನ್ನು ಅಳೆದು ರೂಢಿಯಿರಬೇಕು, ಉಪಕರಣದ ವ್ಯಾಪ್ತಿಯನ್ನು ನೋಡುವ ಕಣ್ಣಿರಬೇಕು. ನಾನು ಆಗ ಮಾಡಿದ್ದು ಬಹಳ ಸರಳ. ಟಾರ್ಚ್ ಬಲ್ಬುಗಳನ್ನು ಬಿಟ್ಟು ಒಂದೇ ಪಟ್ಟಿಯಿಂದ ಕತ್ತರಿಸಿದ ಎರಡು ಕೆಂಪು ಎಲ್‌ಇಡಿಗಳನ್ನು 330 ಓಮ್ ರೋಧಕದ ಎರಡು ಬದಿಗೆ ಸರಣಿಯಲ್ಲಿ ಹಾಕಿ, 9 ವೋಲ್ಟ್ ಕೊಟ್ಟೆ. ಸ್ವಿಚ್ ಹಾಕುವ ಮೊದಲು ಯಾವುದು ಹೆಚ್ಚು ಬೆಳಗುತ್ತದೆಂದು ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಬೇಕೆಂಬ ಷರತ್ತು ನಮ್ಮ ಪ್ರಯೋಗಾಲಯದಿಂದಲೇ ಬಂದದ್ದು. ಎರಡೂ ಸಮನಾಗಿ ಬೆಳಗಿದವು. ಕಿಟಕಿಯ ಪಕ್ಕದ ಹುಡುಗನೊಬ್ಬ ಒಪ್ಪಲಿಲ್ಲ. ಎರಡನೆಯ ಎಲ್‌ಇಡಿ ಜಾಸ್ತಿ ಪವರಿನದಿರಬೇಕು ಸರ್, ಅದಕ್ಕೇ ಕಡಿಮೆ ಕರೆಂಟಿನಲ್ಲೂ ಅಷ್ಟೇ ಬೆಳಗುತ್ತಿದೆ, ಅದಲು ಬದಲು ಮಾಡಿ ನೋಡೋಣ ಎಂದ. ಇಡೀ ಇಂಟರ್ನ್‌ಶಿಪ್ಪಿನಲ್ಲಿ ನಾನು ಕೇಳಿದ ಅತ್ಯುತ್ತಮ ಮಾತು ಅದು. ಅವನೇ ಬಂದು ಅದಲು ಬದಲು ಮಾಡಿದ.

ಪ್ರವಾಹವನ್ನು ಸಂಖ್ಯೆಯಲ್ಲೂ ತೋರಿಸಬೇಕಿತ್ತು. ಅಲ್ಮೆರಾದಲ್ಲಿ ಒಂದು ಡಿಜಿಟಲ್ ಮಲ್ಟಿಮೀಟರ್ ಇತ್ತು, ಮೇಲೆ ಅಂಟಿಸಿದ ಚೀಟಿಯಲ್ಲಿ ಕೆಟ್ಟಿದೆ ಎಂದು ಬರೆದಿತ್ತು. ವೋಲ್ಟೇಜು ಸರಿಯಾಗಿ ತೋರಿಸುತ್ತಿತ್ತು, ರೋಧವನ್ನೂ ತೋರಿಸುತ್ತಿತ್ತು, ಮಿಲಿಆಂಪಿಯರ್ ಶ್ರೇಣಿಯಲ್ಲಿ ಮಾತ್ರ ಸದಾ ಸೊನ್ನೆ. ಈ ಲಕ್ಷಣ ಕಂಡರೆ ಒಳಗಿನ ಫ್ಯೂಸ್ ಹೋಗಿದೆಯೆಂದೇ ತಿಳಿಯಬೇಕು. ಯಾರೋ ಪ್ರವಾಹದ ಶ್ರೇಣಿಯಲ್ಲಿಟ್ಟು ಅದನ್ನು ನೇರವಾಗಿ ಬ್ಯಾಟರಿಗೆ ಸಮಾಂತರವಾಗಿ ಹಿಡಿದಿರುತ್ತಾರೆ. ಹಿಂಬದಿಯ ಸ್ಕ್ರೂ ಬಿಚ್ಚಿ ಅಂಥದೇ ಗಾಜಿನ ಫ್ಯೂಸನ್ನು ಕೂಡಿಸಿದರೆ ಮೀಟರ್ ಮತ್ತೆ ಹೊಸದರಂತೆ. ಎಲ್‌ಇಡಿಯ ಮೊದಲು, ಎರಡರ ನಡುವೆ, ಕೊನೆಯಲ್ಲಿ ಹೀಗೆ ಮೂರು ಕಡೆ ಮಕ್ಕಳೇ ಅಳೆದರು, ಮೂರೂ ಕಡೆ ಒಂದೇ ಸಂಖ್ಯೆ. ಸಮಾಂತರ ಜೋಡಣೆಗೆ 9 ವೋಲ್ಟ್ ಅಡಾಪ್ಟರಿಗೆ 7805 ಐಸಿಯನ್ನು ಹಾಕಿ, ಹೀಟ್ ಸಿಂಕ್ ಕಟ್ಟಿ, ಬಲ್ಬು ಎಷ್ಟು ಸೇರಿಸಿದರೂ 5 ವೋಲ್ಟ್ ಬಿಟ್ಟು ಕದಲದ ಸರಬರಾಜನ್ನು ಮಾಡಿಕೊಂಡೆ. ಎರಡನೆಯ ಬಲ್ಬು ಸೇರಿದಾಗ ಮೊದಲನೆಯದು ಹಾಗೆಯೇ ಉಳಿಯಿತು. ಆಮೇಲೆ ಮನೆಯ ವೈರಿಂಗ್ ಕುರಿತು ಮಾತಾಡುವುದು ಬಹಳ ಹಗುರವಾಯಿತು.

ಇನ್ನೊಂದು ಪ್ರಸಂಗ ಇದಕ್ಕೆ ತಿರುಗುಮುರುಗಾದದ್ದು, ಅಲ್ಲಿ ಸೂತ್ರ ಸರಿ, ಅಳತೆಯೂ ಸರಿ, ಉತ್ತರ ಮಾತ್ರ ವಿಚಿತ್ರ. ಮಲ್ಟಿಮೀಟರ್ ಕೈಗೆ ಸಿಕ್ಕ ಹುರುಪಿನಲ್ಲಿ ಒಬ್ಬ ಹುಡುಗಿ ಮನೆಯಿಂದ 60 ವ್ಯಾಟಿನ ಹಳೆಯ ಬಲ್ಬನ್ನು ತಂದು ಅದರ ರೋಧವನ್ನು ಅಳೆದಳು, 65 ಓಮ್ ಬಂತು. 230ರ ವರ್ಗವನ್ನು 65ರಿಂದ ಭಾಗಿಸಿ, ಸರ್, ಇದು 800 ವ್ಯಾಟಿಗಿಂತ ಹೆಚ್ಚಿನ ಬಲ್ಬು, ಮೇಲೆ ಸುಳ್ಳು ಬರೆದಿದ್ದಾರೆ ಎಂದಳು. ಉರಿಯುವ ಬಲ್ಬಿನ ಟಂಗ್‌ಸ್ಟನ್ ತಂತಿ ಎರಡು ಸಾವಿರ ಡಿಗ್ರಿಗೂ ಮೀರಿ ಕಾದಿರುತ್ತದೆ, ಆಗ ಅದರ ರೋಧ 880 ಓಮ್‌ನಷ್ಟಾಗುತ್ತದೆ, ನೀನು ಅಳೆದದ್ದು ತಣ್ಣಗಿರುವ ತಂತಿಯನ್ನು ಎಂದು ನಾನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ಮೊದಲು ನಿಕ್ರೋಮ್ ತಂತಿಯ, ಆಮೇಲೆ 6 ವೋಲ್ಟಿನ ಚಿಕ್ಕ ಬಲ್ಬಿನ ವಿಭವಾಂತರ ಮತ್ತು ಪ್ರವಾಹಗಳನ್ನು ಅಳೆಸಿ ಎರಡು ಗ್ರಾಫ್ ಹಾಕಿಸಿದೆ. ಒಂದು ನೇರ ಗೆರೆಯಾಯಿತು, ಇನ್ನೊಂದು ಬಾಗಿತು. ಓಮ್‌ನ ನಿಯಮಕ್ಕೆ ತಾಪ ಸ್ಥಿರವಾಗಿರಬೇಕೆಂಬ ಷರತ್ತು ಪಠ್ಯದಲ್ಲಿ ಇರುವುದು ಯಾಕೆಂದು ಆ ಹುಡುಗಿಯೇ ಮಿಕ್ಕವರಿಗೆ ಹೇಳಿದಳು. ವೀಕ್ಷಣೆಗೆ ಬಂದಿದ್ದ ಅಧ್ಯಾಪಕರು ನನ್ನ ಪಾಠ ಯೋಜನೆಯ ಸಮಯಕ್ಕೆ ಮುಗಿಯಲಿಲ್ಲವೆಂದು ಷರಾ ಬರೆದರು.

ನೀರಿನ ಹೋಲಿಕೆಯ ಬಗ್ಗೆಯೂ ಒಂದು ಮಾತು, ಏಕೆಂದರೆ ವಿದ್ಯುತ್ ಪಾಠದಲ್ಲಿ ಅದನ್ನು ತಪ್ಪಿಸಿಕೊಂಡವರಿಲ್ಲ. ಮೇಲಿನ ಟ್ಯಾಂಕು ಬ್ಯಾಟರಿ, ಕೊಳವೆ ತಂತಿ, ಕಿರಿದಾದ ಕೊಳವೆ ರೋಧಕ. 1983ರಲ್ಲಿ ಡೆಡ್ರೆ ಜೆಂಟ್ನರ್ ಮತ್ತು ಡೊನಾಲ್ಡ್ ಜೆಂಟ್ನರ್ ಅಮೆರಿಕದಲ್ಲಿ ನಡೆಸಿದ ಅಧ್ಯಯನವೊಂದರಲ್ಲಿ, ಪ್ರವಾಹವನ್ನು ನೀರೆಂದು ಭಾವಿಸಿದವರು ಬ್ಯಾಟರಿಗಳ ಜೋಡಣೆಯ ಲೆಕ್ಕಗಳನ್ನು ಚೆನ್ನಾಗಿ ಬಿಡಿಸಿದರೆ, ಬಾಗಿಲುಗಳಲ್ಲಿ ನುಗ್ಗುವ ಜನಜಂಗುಳಿಯೆಂದು ಭಾವಿಸಿದವರು ರೋಧಕಗಳ ಲೆಕ್ಕಗಳನ್ನು ಚೆನ್ನಾಗಿ ಬಿಡಿಸಿದರು ಎಂದು ಕಂಡುಬಂದಿತ್ತು. ಅಂದರೆ ಒಂದೇ ಹೋಲಿಕೆ ಇಡೀ ಅಧ್ಯಾಯವನ್ನು ಹೊರಲಾರದು. ಕೊಳವೆ ಒಡೆದರೆ ನೀರು ಸೋರುತ್ತದೆ, ತಂತಿ ತುಂಡಾದರೆ ವಿದ್ಯುತ್ ಯಾಕೆ ಸೋರುವುದಿಲ್ಲ ಎಂದು ಯಾವ ತರಗತಿಯಲ್ಲಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ತಯಾರಾಗದೆ ಟ್ಯಾಂಕಿನ ಚಿತ್ರ ಬರೆಯಬಾರದು.

ಶಿಕ್ಷಣದ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ ಗಾಂಧೀಜಿಯವರ ನಯೀ ತಾಲೀಮ್ ಬಗ್ಗೆ, 1937ರ ವಾರ್ಧಾ ಸಮ್ಮೇಳನದ ಬಗ್ಗೆ ಪ್ರತಿ ವರ್ಷ ಪ್ರಶ್ನೆ ಬರುತ್ತದೆ, ಎಲ್ಲರೂ ಚರಕದ ಉದಾಹರಣೆ ಬರೆದು ಅಂಕ ತೆಗೆದುಕೊಳ್ಳುತ್ತಾರೆ. ಕೈಕಸುಬಿನ ಮೂಲಕ ಕಲಿಕೆ ಎಂಬುದು ಚರಕಕ್ಕೆ ಸೀಮಿತವಲ್ಲ ಎಂದು ನನಗೆ ಅನ್ನಿಸಿದ್ದು ಬೆಸುಗೆ ಕಡ್ಡಿ ಹಿಡಿದಾಗ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೊಂಡ ಬಿಡಿಭಾಗಗಳನ್ನು ಬೆಸೆದು ಒಂದು ಕೆಲಸ ಮಾಡುವ ವಸ್ತುವನ್ನು ಕೈಯಲ್ಲಿ ಹಿಡಿದ ಮಗುವಿಗೆ ಸಮಾಂತರ ಜೋಡಣೆಯ ಸೂತ್ರ ಬೇರೆಯೇ ಥರ ಕಾಣುತ್ತದೆ. 2016ರಿಂದ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಬಂದಿವೆ, ಪ್ರತಿ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನ ಸಿಗುತ್ತದೆ, ದೇಶದಲ್ಲಿ ಇವುಗಳ ಸಂಖ್ಯೆ 10,000 ದಾಟಿದೆ. ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಫಲಕ, ಸಂವೇದಕಗಳು, ತ್ರೀಡಿ ಪ್ರಿಂಟರ್ ಎಲ್ಲ ಇರುತ್ತವೆ. ನಾನು ಕಂಡ ಒಂದು ಶಾಲೆಯಲ್ಲಿ ಅವೆಲ್ಲವೂ ಬೀಗದೊಳಗಿದ್ದವು, ಹಾಳಾದರೆ ಯಾರು ಹೊಣೆ ಎಂಬ ಭಯಕ್ಕೆ. ಹಾಳಾದದ್ದನ್ನು ಸರಿಮಾಡಬಲ್ಲ ಒಬ್ಬ ಶಿಕ್ಷಕರಿದ್ದಿದ್ದರೆ ಆ ಬೀಗದ ಅಗತ್ಯವಿರುತ್ತಿರಲಿಲ್ಲ. ಎಲೆಕ್ಟ್ರಾನಿಕ್ಸ್ ಓದಿ ಶಿಕ್ಷಕರಾಗುವವರಿಗೆ ಸರ್ಕಾರ ಕೊಡಬಹುದಾದ ಕೆಲಸ ಇಲ್ಲೇ ಇದೆ, ಆದರೆ ನೇಮಕಾತಿಯ ನಿಯಮಗಳು ಅದನ್ನು ಇನ್ನೂ ಕಂಡಂತಿಲ್ಲ.

ಈ ದಾರಿ ಹಿಡಿಯಲು ಯೋಚಿಸುವವರಿಗೆ ಕಷ್ಟದ ಕಡೆಯನ್ನೂ ಹೇಳಬೇಕು. ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಆಮ್ಲ–ಪ್ರತ್ಯಾಮ್ಲಗಳೂ ಇವೆ, ಸಸ್ಯಗಳ ಸಂತಾನೋತ್ಪತ್ತಿಯೂ ಇದೆ. ಎಲೆಕ್ಟ್ರಾನಿಕ್ಸ್ ಆರಿಸಿಕೊಂಡವನು ರಸಾಯನಶಾಸ್ತ್ರವನ್ನು ಪಿಯುಸಿಗೇ ಬಿಟ್ಟಿರುತ್ತಾನೆ, ಅದನ್ನು ಸ್ವಂತ ಓದಿನಿಂದ ತುಂಬಿಕೊಳ್ಳಬೇಕಾಗುತ್ತದೆ. ನಾನು ಇಂದಿಗೂ ಕಾರ್ಬನ್ ಸಂಯುಕ್ತಗಳ ಪಾಠಕ್ಕೆ ಹಿಂದಿನ ರಾತ್ರಿ ಕುಳಿತು ಓದಿಕೊಂಡೇ ಹೋಗುತ್ತೇನೆ. ಇದಕ್ಕಿಂತ ದೊಡ್ಡ ತೊಡಕು ನೇಮಕಾತಿಯದು. ಶಿಕ್ಷಕರ ಹುದ್ದೆಯ ಅಧಿಸೂಚನೆಗಳು ಪದವಿಯಲ್ಲಿ ಓದಿದ ಐಚ್ಛಿಕ ವಿಷಯಗಳ ಹೆಸರನ್ನೇ ಹಿಡಿದು ಅರ್ಹತೆಯನ್ನು ಹೇಳುತ್ತವೆ. ಭೌತಶಾಸ್ತ್ರ ಮತ್ತು ಗಣಿತ ಎರಡೂ ಅಂಕಪಟ್ಟಿಯಲ್ಲಿ ಪೂರ್ಣ ಐಚ್ಛಿಕಗಳಾಗಿ ಇರುವಂತೆ ನೋಡಿಕೊಳ್ಳುವುದು ಬಹಳ ಮುಖ್ಯ. ರಾಷ್ಟ್ರೀಯ ಶಿಕ್ಷಣ ನೀತಿಯಡಿ 2021–22ರಿಂದ ಕರ್ನಾಟಕದ ಪದವಿಗಳಲ್ಲಿ ಎರಡು ಪ್ರಧಾನ ವಿಷಯಗಳ ಪದ್ಧತಿ ಬಂದಾಗ ಭೌತಶಾಸ್ತ್ರ ಮತ್ತು ಎಲೆಕ್ಟ್ರಾನಿಕ್ಸ್ ಮಾತ್ರ ಓದಿ ಗಣಿತವನ್ನು ಬಿಟ್ಟವರಿದ್ದಾರೆ. 2024–25ರಿಂದ ರಾಜ್ಯವು ಮೂರು ವರ್ಷಗಳ, ಮೂರು ವಿಷಯಗಳ ಪದವಿಗೆ ಮರಳಿದೆ, ಹೊಸದಾಗಿ ಸೇರುವವರಿಗೆ ಆ ಗೊಂದಲ ಕಡಿಮೆ. ಬಿ.ಎಡ್. ಸೇರುವ ಮೊದಲೇ ಹಿಂದಿನ ಒಂದೆರಡು ನೇಮಕಾತಿಗಳ ಅಧಿಸೂಚನೆಯನ್ನು ತೆರೆದು, ತಮ್ಮ ವಿಷಯಗಳ ಜೋಡಣೆಯನ್ನು ಸಾಲು ಸಾಲಾಗಿ ಹೋಲಿಸಿಕೊಳ್ಳಬೇಕು. ಪದವಿಪೂರ್ವ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸನ್ನೇ ಬೋಧಿಸಬೇಕೆಂಬ ಆಸೆಯಿದ್ದವರು ಅದೇ ವಿಷಯದಲ್ಲಿ ಎಂ.ಎಸ್ಸಿ. ಮಾಡಲೇಬೇಕು, ಅದರ ಜೊತೆಗೆ ಬಿ.ಎಡ್. ಕೂಡ ಬೇಕಾಗುತ್ತದೆ.